ಐದನೇ ಕುರ್ಚಿ

ನಾನು ರವಿಕಾಂತ ಅವರನ್ನು ಮೊದಲ ಸಲ ನೋಡಿದಾಗ ಅವರು ನಾಲ್ಕು ಮರಳಿನ ಚೀಲಗಳಿಗೆ ನೀರು ಕುಡಿಯಿರಿ ಎಂದು ಹೇಳುತ್ತಿದ್ದರು. ಪ್ರಯಾಣಿಕರು ಕೂರಬೇಕಾದ ಕುರ್ಚಿಗಳಲ್ಲಿ ಮನುಷ್ಯರ ತೂಕದ ಚೀಲಗಳನ್ನಿಟ್ಟು ಬೆಲ್ಟು ಹಾಕಿದ್ದರು. ಮುಂದಿನ ಕುರ್ಚಿಯಲ್ಲಿ ಈ ನರೆಗೂದಲಿನ ಪೈಲಟ್. ಹಿಂದಕ್ಕೆ ತಿರುಗಿ ಒಂದೊಂದೇ ಚೀಲವನ್ನು ನೋಡಿ, "ನೀರ ಕುಡದ್ರಿ?" ಎಂದು ಕೇಳುತ್ತಿದ್ದರು. ಬೀದರ್ ಕಡೆಯ ಕನ್ನಡ. ನನಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಇವರ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ ಎಂದು ಆವತ್ತೇ ಅಂದುಕೊಂಡೆ.

"ಏನಂತಾವ್ರೀ ಚೀಲ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

ಕನ್ನಡ ಕೇಳಿ ಅವರು ಬೆಚ್ಚಿದರು. ಆಮೇಲೆ ಮುಖದಲ್ಲಿ ನಗು ತೋರಿಸದೆ, "ಎರಡನೇದು ಭಾಳ ಹಟಮಾರಿ ಅದರಿ," ಎಂದರು.

ನಾನು ಲತಾ, ಆಳಂದದವಳು. ಗಂಡ ಗೋವಿಂದ ಬ್ಯಾಂಕಿನವರು. ವರ್ಗಾವಣೆ ಎಳೆದಲ್ಲಿಗೆ ಗಂಟುಮೂಟೆ ಕಟ್ಟುತ್ತ ಮರಾಠಿ ಸೀಮೆಯ ಸಂಭಾಜಿನಗರಕ್ಕೆ ಬಂದೆವು. ಇಲ್ಲಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲವು ವರ್ಷ ಕೂಗಿದೆ. ಗಂಟಲು ಗಟ್ಟಿಯಿದೆ ಎಂದು ಈ ಕಂಪನಿ ನನ್ನನ್ನು ರೇಡಿಯೋಗೆ ತೆಗೆದುಕೊಂಡಿತು. ಮೇಲೆ ಹೋದವರೊಡನೆ ನೆಲದಿಂದ ಮಾತಾಡುವ ಕೆಲಸ. ಗಟ್ಟಿ ಗಂಟಲಿಗೂ ಸಂಬಳ ಕೊಡುತ್ತಾರೆಂದರೆ ನನ್ನ ಅತ್ತೆ ಇವತ್ತಿಗೂ ನಂಬುವುದಿಲ್ಲ.

ಕಂಪನಿಯ ಮೈದಾನ ವೈಜಾಪುರದ ಆಚೆ, ಹತ್ತಿ ಹೊಲಗಳ ನಡುವೆ. ದೊಡ್ಡ ಬಲೂನಿನ ಕೆಳಗೆ ಸುತ್ತ ಗಾಜಿನ ಕಿಟಕಿಗಳಿರುವ ಒಂದು ಗುಂಡನೆಯ ಕೋಣೆ. ನಾವು ಅದನ್ನು ಡಬ್ಬಿ ಎನ್ನುತ್ತಿದ್ದೆವು. ಬೆಳಗಿನ ಗಾಳಿ ಏಳುವ ಮುಂಚೆ ಬಿಟ್ಟರೆ, ವಿಮಾನಗಳಿಗಿಂತ ಮೂರು ಪಟ್ಟು ಮೇಲೆ ಹೋಗಿ ಒಂದೆರಡು ತಾಸು ನಿಂತು ಇಳಿಯುತ್ತದೆ. ಅಲ್ಲಿ ಹಾಡಹಗಲೇ ಆಕಾಶ ಕಪ್ಪಗಿರುತ್ತದೆ, ಭೂಮಿಯ ಅಂಚು ಬಾಗಿರುವುದು ಕಾಣುತ್ತದೆ. ಜಾಹೀರಾತಿನಲ್ಲಿ ಅದಕ್ಕೆ 'ಅಂತರಿಕ್ಷದ ಅಂಚಿಗೆ ಪ್ರವಾಸ' ಎಂದು ಹೆಸರು. ನಿಜವಾದ ಅಂತರಿಕ್ಷ ಇನ್ನೂ ಎಷ್ಟೋ ಮೇಲಿದೆ. ಆದರೆ ಪಕ್ಕದ ಪೈಠಣದಲ್ಲಿ ಸೀರೆಗೆ ಎಷ್ಟು ಅಗಲದ ಅಂಚು ನೇಯುತ್ತಾರೆಂದು ನೋಡಿದವರು ಈ ಮಾತಿಗೆ ತಕರಾರು ಮಾಡುವುದಿಲ್ಲ.

ಡಬ್ಬಿಯನ್ನು ಯಂತ್ರವೇ ಏರಿಸುತ್ತದೆ, ಯಂತ್ರವೇ ಇಳಿಸುತ್ತದೆ. ಹಾಗಾದರೆ ಪೈಲಟ್ ಯಾಕೆ? ಈ ಪ್ರಶ್ನೆ ಕಂಪನಿಯ ಯಜಮಾನ ಅತುಲ್‌ಗೂ ಇತ್ತು. ಪ್ರಯಾಣಿಕರಿಗೆ ನಾಲ್ಕು ಕುರ್ಚಿ, ಐದನೆಯದು ಪೈಲಟ್‌ದು. ಪರೀಕ್ಷೆಯ ಹಾರಾಟಗಳು ಮುಗಿದ ಮೇಲೆ ಆ ಐದನೆಯದನ್ನೂ ಮಾರಿದರೆ ಹೇಗೆ ಎಂದು ಕಚೇರಿಯಲ್ಲಿ ಮಾತು ಶುರುವಾಗಿತ್ತು. ನಾನು ಇದನ್ನೇ ಒಮ್ಮೆ ರವಿಕಾಂತರ ಮುಂದೆ ಎತ್ತಿದೆ. ಅವರು ಹೇಳಿದರು:

"ಯಂತ್ರ ಮುಂದ ನೋಡ್ತದ್ರೀ. ಹಿಂದ ಹೊಳ್ಳಿ ನೋಡೋರು ಒಬ್ಬರು ಬೇಕಲ್ಲ."

ಇಷ್ಟು ಮಾತಾಡಿದರೆ ಅವರ ಮಟ್ಟಿಗೆ ಅದೊಂದು ಭಾಷಣ. ಅವರ ಕಥೆಯನ್ನು ನಾನು ಹೀಗೆ ಹನಿ ಹನಿಯಾಗಿಯೇ ಕೂಡಿಸಿದ್ದು. ತಂದೆ ಮನ್ಮಥಪ್ಪ ಭಾಲ್ಕಿಯವರು, ನಾಸಿಕದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮನೆಯೊಳಗೆ ಬೀದರ್ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತಾಯಿ ಪ್ರೇಮಾಬಾಯಿ ದಿನಾ ಬೆಳಿಗ್ಗೆ ಮಿಂದು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ ತನಕ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಜ್ವರ ಬಂದರೂ ಅಷ್ಟೇ. ಮಗನ ಕೊರಳಲ್ಲೂ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿತ್ತು. ವಿಮಾನ ಕಲಿಯಲು ಹೋದಾಗ ಬೆಲ್ಟಿಗೆ ತಾಗುತ್ತದೆ ಎಂದು ತೆಗೆದಿಟ್ಟವರು ಮತ್ತೆ ಕಟ್ಟಿಕೊಳ್ಳಲಿಲ್ಲ. ತಾಯಿ ಬೈಯಲಿಲ್ಲ, ಆವತ್ತು ಊಟ ಬಿಟ್ಟಳು.

ಅವರು ನಡೆಸಿದ್ದೆಲ್ಲ ಸಾಮಾನಿನ ವಿಮಾನಗಳನ್ನು. ನಿಫಾಡಿನ ದ್ರಾಕ್ಷಿ, ಪುಣೆಯ ಔಷಧಿ, ಮದುವೆಯ ಹೂವು. ಹಿಂದೆ ಪೆಟ್ಟಿಗೆಗಳು, ಮುಂದೆ ಇಬ್ಬರು ಪೈಲಟ್‌ಗಳು. ಆ ಕೆಲಸದಲ್ಲಿ ಒಂದು ರಿವಾಜು ಇದೆ. ಹೊರಡುವ ಮುನ್ನ ಒಬ್ಬರು ಒಂದೊಂದೇ ಹೆಸರು ಕೂಗಬೇಕು, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಿ ಉತ್ತರ ಕೊಡಬೇಕು. ಉತ್ತರ ಬರುವ ತನಕ ಮುಂದಿನ ಹೆಸರಿಗೆ ಹೋಗುವಂತಿಲ್ಲ. ಈ ಚಟ ಅವರ ಮನೆಗೂ ಅಂಟಿತ್ತು. ಹೆಂಡತಿ ಅಲಕಾ ಮರಾಠಿಯವರು. ಇಬ್ಬರೂ ಹೊರಗೆ ಹೊರಟಾಗ ಇವರು ಬಾಗಿಲಲ್ಲಿ ನಿಂತು "ಗ್ಯಾಸ್?" ಎನ್ನುವುದು, ಆಕೆ ಒಳಗಿನಿಂದ "ಬಂದ್ ಆಹೆ!" ಎನ್ನುವುದು. "ಚಾವಿ?" "ಖಿಶಾತ್!", ಅಂದರೆ ಕಿಸೆಯಲ್ಲಿ. ಮಕ್ಕಳಿರಲಿಲ್ಲ. ಅಲಕಾ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ.

"ಒಂದಿನ ಗ್ಯಾಸ್ ಅಂತ ಕೇಳಿ ನಿಂತುಬಿಟ್ಟೆ," ಎಂದು ಒಮ್ಮೆ ಹೇಳಿದ್ದರು. "ಉತ್ತರ ಬರಲಿಲ್ಲ. ಹೊರಗ ಹೋಗೂದು ಬಿಟ್ಟು ವಾಪಸ್ ಕುಂತೆ."

ಅದಕ್ಕೇ ಅವರು ಈ ಕೆಲಸಕ್ಕೆ ಬಂದದ್ದು. ಸಂಬಳ ಹಿಂದಿನದಕ್ಕಿಂತ ಕಡಿಮೆ, ಅಪಾಯ ಹೆಚ್ಚು. ಆದರೆ ಅವರು ಕೂಗಿದ್ದಕ್ಕೆ ಇಲ್ಲಿ ನೆಲದಿಂದ ನಾನು ಉತ್ತರ ಕೊಡುತ್ತಿದ್ದೆ. "ಬಾಗಿಲು?" "ಬಂದ್ ಅದರಿ." "ಗಾಳಿ?" "ಬರೋಬರ್ ಅದರಿ." ಎಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ನಿಯಮ. ಚೀಲಗಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾವಿಬ್ಬರೂ ಕನ್ನಡದಲ್ಲೇ ಮುಗಿಸುತ್ತಿದ್ದೆವು. ಚೀಲಗಳ ಬದಲು ಮನುಷ್ಯರು ಕೂರುವ ದಿನಕ್ಕಾಗಿ ಅವರು ಮಕ್ಕಳ ಹಾಗೆ ಕಾಯುತ್ತಿದ್ದರು. ನಾಲ್ಕು ಮುಖಗಳು, ಕೇಳಿದ್ದಕ್ಕೆ ಹೂಂ ಅನ್ನುವ ನಾಲ್ಕು ಬಾಯಿಗಳು! ಆ ಕುರ್ಚಿ ಹೋದರೆ ನಾಸಿಕದ ಖಾಲಿ ಮನೆ ಬಿಟ್ಟು ಬೇರೆ ಜಾಗ ಅವರಿಗಿರಲಿಲ್ಲ. ಮೊದಲ ಪ್ರಯಾಣಿಕರ ಹಾರಾಟ ನೋಡಿ, ಅವರ ಅಭಿಪ್ರಾಯ ಕೇಳಿ ಪೈಲಟ್ ಕುರ್ಚಿಯ ತೀರ್ಮಾನ ಮಾಡುತ್ತೇವೆ ಎಂದು ಅತುಲ್ ಮೊದಲೇ ತಿಳಿಸಿದ್ದರು.

ಆ ದಿನ ಬಂದವರು ನಾಲ್ಕು ಜನ. ಮುಂಬೈಯ ಗಂಡ ಹೆಂಡತಿ ಒಂದು ಜೋಡಿ, ಭಾಲ್ಕಿಯ ಅಜ್ಜಿ ಮತ್ತು ಆಕೆಯ ಮೊಮ್ಮಗ ಇನ್ನೊಂದು. ಅಜ್ಜಿಯ ನಿಜವಾದ ಹೆಸರನ್ನು ಹೇಳಲಾರೆ, ರುಕ್ಮಿಣಿಬಾಯಿ ಎಂದಿಟ್ಟುಕೊಳ್ಳಿ. ಮೊಮ್ಮಗ ಅಭಿಜಿತ್, ಅದೂ ಇಟ್ಟ ಹೆಸರೇ. ಸಂಭಾಜಿನಗರದಲ್ಲಿ ಕಾರ್ಖಾನೆ ಇಟ್ಟಿರುವ ಮೂವತ್ತರ ಯುವಕ. ಅವನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾನೆ, ಓದಲು ಬರುವುದೇ ಇಲ್ಲ. ಆ ಧೈರ್ಯದ ಮೇಲೆಯೇ ನಾನಿದನ್ನು ಬರೆಯುತ್ತಿದ್ದೇನೆ.

ಅಜ್ಜಿ ಬಲು ಚುರುಕು. "ಕೈಲಾಸ ಎಟ್ಟ ದೂರ ಅದ ಅಂತ ಮೊದಲೇ ನೋಡಿ ಬರ್ತೀನಿ, ಆಮ್ಯಾಲ ಹೋಗಾಕ ಹಗುರಾಗ್ತದ," ಎಂದು ನನ್ನನ್ನು ನಗಿಸಿದರು. ಕರೆದೊಯ್ಯುವ ಗಾಡಿ ಹೇಳಿದ್ದಕ್ಕಿಂತ ಬೇಗ ಬಂದು, ಪೂಜೆಯಾಗದೆ ಹೊರಟು ಬಂದಿದ್ದರು. ಮೇಲೆ ಹೋಗಿ ನಿಂತಾಗ ಮಾಡಿಕೊಂಡರಾಯಿತು ಎಂದು ಲೆಕ್ಕ ಹಾಕಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹತ್ತುವ ಮುನ್ನ ಎದೆಯ ಮೇಲೆ ಅಡ್ಡಡ್ಡ ಬೆಲ್ಟು ಕಟ್ಟುತ್ತಾರೆ. ಕೊರಳಲ್ಲಿ ಏನೂ ಇರಬಾರದು. ಅಲ್ಲಿದ್ದ ಹುಡುಗಿ ಒಂದು ಪ್ಲಾಸ್ಟಿಕ್ ತಟ್ಟೆ ಹಿಡಿದು ಸರ, ತಾಳಿ, ಪದಕ ಎಲ್ಲವನ್ನೂ ಕೇಳಿ ಇಸಿದುಕೊಳ್ಳುತ್ತಿದ್ದಳು. ಅಜ್ಜಿ ಸೆರಗು ಬಿಗಿಹಿಡಿದು ಹಿಂಜರಿದರು. ಅಭಿಜಿತ್‌ಗೆ ತಡವಾಗುತ್ತಿತ್ತು. "ಅಜ್ಜಿ, ಪಾಚ್ ಸಹಾ ತಾಸಾಂಚಾ ಪ್ರಶ್ನ ಆಹೆ," ಐದಾರು ತಾಸಿನ ಮಾತಷ್ಟೇ ಎಂದು ಹೇಳಿ ತಾನೇ ಆಕೆಯ ಕೊರಳಿಂದ ದಾರ ತೆಗೆದು, ಬೆಳ್ಳಿಯ ಕರಡಿಗೆಯನ್ನು ತಟ್ಟೆಯಲ್ಲಿಟ್ಟ. ಪ್ರೀತಿಯಿಂದಲೇ ತೆಗೆದ. ಅವನಿಗೆ ಅದು ಅಜ್ಜಿಯ ಒಡವೆ. ಮೈಮೇಲಿನ ಲಿಂಗವನ್ನು ಉಸಿರಿರುವ ತನಕ ಅಗಲಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅಷ್ಟು ಜನರ ಮುಂದೆ ಮೊಮ್ಮಗನ ಮುಖ ಸಣ್ಣದಾಗುತ್ತದೆಂದು ಆಡಲಿಲ್ಲ. ರವಿಕಾಂತ ಆಗ ಡಬ್ಬಿಯೊಳಗಿದ್ದರು.

ಡಬ್ಬಿ ಸೊಗಸಾಗಿ ಏರಿತು. ಮುಂಬೈಯವರು ಫೋಟೋದ ಮೇಲೆ ಫೋಟೋ ತೆಗೆದರು. ಜಾಯಕವಾಡಿ ಅಣೆಕಟ್ಟಿನ ನೀರು ತಗಡಿನ ತುಂಡಿನಂತೆ ಕಂಡಿತಂತೆ. ಒಳಗಿನ ಗಾಳಿ ಬಹಳ ಒಣ. ಆಗಾಗ ನೀರು ಕುಡಿಸುವುದು ಪೈಲಟ್‌ನ ಕೆಲಸ. ರವಿಕಾಂತ ತಿರುಗಿ ತಿರುಗಿ ಕೇಳುತ್ತಿದ್ದರು, ಮೂರು ಜನ ಕುಡಿದೆವು ಅನ್ನುತ್ತಿದ್ದರು, ಅಜ್ಜಿ ತಲೆಯಾಡಿಸುತ್ತಿದ್ದರು. ಎರಡನೇ ಸಲಕ್ಕೋ ಮೂರನೇ ಸಲಕ್ಕೋ ರವಿಕಾಂತ ಗುಂಡಿ ಒತ್ತಿ, ಅಜ್ಜಿಯ ಹೆಡ್‌ಫೋನಿಗೆ ಮಾತ್ರ ಕೇಳುವಂತೆ ಮಾತಾಡಿದರು; ಉಳಿದವರ ಕಿವಿಯೂ ಹೆಡ್‌ಫೋನಿನಲ್ಲಿ ಮುಚ್ಚಿತ್ತು. ನೆಲದಲ್ಲಿದ್ದ ನನಗೆ ಎಲ್ಲವೂ ಕೇಳುತ್ತದೆ.

"ಅವ್ವಾ, ಬಾಟ್ಲಿ ತುಂಬಿದ್ದು ತುಂಬಿದಂಗೇ ಅದ."

ರವಿಕಾಂತರೇ ಮತ್ತೆ ಕೇಳಿದರು:

"ಪೂಜಾ ಆಗಿಲ್ಲೇನ್ರೀ?"

"ನೀ ಯಾರ ಮಗನಪ್ಪ?" ಎಂದರು ಅಜ್ಜಿ.

"ಭಾಲ್ಕಿ ಮನ್ಮಥಪ್ಪನೋರ ಮಗ."

"ಹಂಗಾರ ನಿನಗ ತಿಳೀತದ. ಮೈಮ್ಯಾಲ ಲಿಂಗ ಇಲ್ಲೋ ಯಪ್ಪಾ. ಹುಡುಗ ತೆಗದಿಟ್ಟಾನ, ಅವನಿಗಿ ಗೊತ್ತಾಗಲಿಲ್ಲ. ನೆನ್ನಿ ಸಂಜಿ ಕುಡದದ್ದೇ ನೀರು."

"ಇಂಥ ಹೊತ್ತಿನ್ಯಾಗ ನಡೀತದ್ರೀ ಅವ್ವಾ. ಒಂದ ಗುಟುಕ ಕುಡೀರಿ."

"ಇಷ್ಟ ವರ್ಷ ನಡೀಲಾರದ್ದು ಇವತ್ತ ಹ್ಯಾಂಗ ನಡೀತದ?" ದನಿ ತಗ್ಗಿಸಿ ಮತ್ತೆ ಅಂದರು, "ಹುಡುಗಗ ಹೇಳಬ್ಯಾಡಪ್ಪ. ನನ್ನ ಮ್ಯಾಲ ಆಣಿ ಅದ. ತಿಳದ್ರ ಬದುಕಿರೋ ತನಕ ಕೊರಗ್ತಾನ."

"ಹೇಳೂದಿಲ್ರೀ," ಎಂದರು ರವಿಕಾಂತ.

ಆ ಹೊತ್ತಿಗೆ ಕಿಟಕಿಯ ಹೊರಗೆ ನೀಲಿ ಹರಿದು ಕಪ್ಪು ಕಾಣತೊಡಗಿತ್ತು. ಎಲ್ಲರೂ ದುಡ್ಡು ಕೊಟ್ಟು ಬಂದಿದ್ದೇ ಆ ಕಪ್ಪನ್ನು ನೋಡಲು. ಮೇಲೆ ನಿಲ್ಲುವುದು ಎರಡು ತಾಸು, ಇಳಿಯಲು ಮತ್ತೆರಡು. ನನ್ನ ಮುಂದಿನ ಪರದೆಯಲ್ಲಿ ಅಜ್ಜಿಯ ನಾಡಿ, ಉಸಿರು ಎಲ್ಲ ಹಸಿರು ಬಣ್ಣದಲ್ಲೇ ಇದ್ದವು. ಯಂತ್ರದ ಪ್ರಕಾರ ಅಜ್ಜಿ ಗಟ್ಟಿಮುಟ್ಟು.

"ಲತಾಬಾಯಿ, ಇಳಸ್ತೀನಿ," ಎಂದರು ರವಿಕಾಂತ.

"ಯಾಕ್ರೀ? ಎಲ್ಲಾ ಹಸಿರದ ಇಲ್ಲಿ."

"ನಾ ಅವರ ತುಟಿ ನೋಡಾಕತ್ತೀನಿ."

ನನಗೆ ಸಿಟ್ಟು ಬಂತು. ಅಜ್ಜಿಯ ಮೇಲೆ, ಆ ಮೊಮ್ಮಗನ ಮೇಲೆ, ಈ ಮನುಷ್ಯನ ಮೇಲೆ. "ನಿಮ್ಮ ಕುರ್ಚಿ ಹೋಗ್ತದ್ರೀ!" ಎಂದು ಕೂಗಿಯೇ ಬಿಟ್ಟೆ.

"ಹೋಗ್ಲಿ ಬಿಡ್ರಿ. ಕುರ್ಚಿಗಿ ನೀರಡಿಕಿ ಆಗೂದಿಲ್ಲ."

ಇಳಿಸುವ ಹಿಡಿ ಪೈಲಟ್‌ನ ಕೈಯಲ್ಲಿ ಮಾತ್ರ ಇರುತ್ತದೆ. ಎಳೆದರು. ಆಗ ಎದ್ದ ಗದ್ದಲ ಕೇಳಬೇಕಿತ್ತು. ಮುಂಬೈಯವರು ಇಂಗ್ಲಿಷಿನಲ್ಲಿ ಬೈದರು, ಅಭಿಜಿತ್ ಮರಾಠಿಯಲ್ಲಿ. ರವಿಕಾಂತ ಅದಕ್ಕೆಲ್ಲ ಒಂದೇ ಮಾತು ಹೇಳಿದರು: ಇದು ನನ್ನ ನಿರ್ಧಾರ. ಆಮೇಲೆ ಇಳಿಯುವ ಉದ್ದಕ್ಕೂ ಅಜ್ಜಿಯ ಕಿವಿಯಲ್ಲಿ ಮಾತಾಡುತ್ತಲೇ ಇದ್ದರು, ಆಕೆ ಕಣ್ಣು ಮುಚ್ಚದಿರಲಿ ಎಂದು. ಭಾಲ್ಕಿಯ ಓಣಿ ಯಾವುದು, ಬಾವಿ ಎಲ್ಲಿತ್ತು, ತೊಗರಿ ಯಾವಾಗ ಕೊಯ್ಯುತ್ತಿದ್ದರು. ತನ್ನ ತಾಯಿ ಜ್ವರದಲ್ಲೂ ನೀರು ಮುಟ್ಟದ್ದು, ಅಲಕಾ ಅದನ್ನು ನೋಡಿ ಅತ್ತದ್ದು. ಅಷ್ಟು ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಅಜ್ಜಿಯ ಹೂಂ ಮೊದಮೊದಲು ಗಟ್ಟಿಯಿತ್ತು, ಬರಬರುತ್ತ ಸಣ್ಣದಾಯಿತು, ಕೊನೆಯಲ್ಲಿ ಉಸಿರಷ್ಟೇ ಕೇಳುತ್ತಿತ್ತು. ನನ್ನ ಪರದೆ ಆಗಲೂ ಹಸಿರು.

ಬೇಗ ಇಳಿದದ್ದರಿಂದ ಡಬ್ಬಿ ಗುರುತು ಮಾಡಿದ ಜಾಗಕ್ಕೆ ಬರಲಿಲ್ಲ, ಪೈಠಣದ ದಾರಿಯಲ್ಲಿ ಒಂದು ಬೀಳು ಬಿಟ್ಟ ಹೊಲಕ್ಕೆ ಬಂತು. ಕರೆಂಟಿನ ತಂತಿ ತಪ್ಪಿಸಿ, ರವಿಕಾಂತ ಕೈಯಿಂದಲೇ ಇಳಿಸಿದರು. ನಾನು ಲಾಕರಿನಿಂದ ಕರಡಿಗೆಯಿದ್ದ ಅಜ್ಜಿಯ ಚೀಲ ತೆಗೆಸಿ, "ಇದರಾಗ ಅವರ ಗುಳಿಗಿ ಅದಾವ" ಎಂದು ಎಲ್ಲರಿಗೂ ಸುಳ್ಳು ಹೇಳಿ, ಡ್ರೈವರ್ ದೇವದಾಸನ ಗಾಡಿಯಲ್ಲಿ ಕೂತು ಓಡಿದ್ದೆ. ಅಭಿಜಿತ್ ಫೋನಿನಲ್ಲಿ ಅತುಲ್‌ರ ಮೇಲೆ ಹರಿಹಾಯುತ್ತಿದ್ದ. ಗಾಡಿಯ ಹಿಂದೆ, ಅವನಿಗೆ ಕಾಣದಂತೆ, ಅಜ್ಜಿ ನೆಲದ ಮೇಲೆ ಕೂತು, ಲಿಂಗವನ್ನಿಟ್ಟ ಎಡ ಅಂಗೈ ಚಾಚಿದರು. ರವಿಕಾಂತ ಬಾಟಲಿಯಿಂದ ಸಣ್ಣಗೆ ನೀರು ಬಿಟ್ಟರು. ಪೂಜೆ ಮುಗಿಸಿ, ದಾರ ಕೊರಳಿಗೆ ಹಾಕಿಕೊಂಡು, ಅಜ್ಜಿ ಆ ಬಾಟಲಿಯನ್ನು ಒಂದೇ ಸಲಕ್ಕೆ ಖಾಲಿ ಮಾಡಿದರು. ನಾನು ಮುಖ ತಿರುಗಿಸಿ ಅತ್ತೆ.

ನೀರು ಒಳಗೆ ಹೋದ ಮೇಲೆ ಅಜ್ಜಿ ಎದ್ದು ಓಡಾಡಿದರು. ಡಾಕ್ಟರು ನೋಡಿ ಎಲ್ಲ ಸರಿಯಿದೆ ಎಂದು ಬರೆದರು. ಅದೇ ರವಿಕಾಂತರಿಗೆ ಮುಳುವಾಯಿತು. ಮೇಲೆಯೇ ಉಳಿದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಆ 'ಇರಬಹುದು' ಎಂಬುದನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿಕೊಂಡು ಹಾರಲು ಅವರಿಂದಾಗಲಿಲ್ಲ, ಅಷ್ಟೇ.

ಕಚೇರಿಯಲ್ಲಿ ಅತುಲ್ ಮೃದುವಾಗಿಯೇ ಕೇಳಿದರು, "ಸರ್, ಯಂತ್ರದಲ್ಲಿ ಒಂದೂ ತಪ್ಪಿಲ್ಲ. ನಿಮಗೆ ಏನು ಕಾಣಿಸಿತು?" ರವಿಕಾಂತ ಸುಮ್ಮನೆ ಕೂತರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಡೆ ಒಂದು ಸಲ ನೋಡಿದರು, ನಾನೂ ಮುಚ್ಚಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರ ಆವತ್ತು ಯಾವ ಅಂಗಡಿಯಲ್ಲೂ ನಡೆಯಲಿಲ್ಲ. ಪ್ರಯಾಣಿಕರ ಅಭಿಪ್ರಾಯಗಳಲ್ಲಿ ಎಲ್ಲಕ್ಕಿಂತ ಖಾರವಾದದ್ದು ಅಭಿಜಿತ್‌ದು: "ಪೈಲಟ್ ಹೆದರಿದರು. ಯಂತ್ರ ಹೆದರುತ್ತಿರಲಿಲ್ಲ."

ರವಿಕಾಂತ ಅದನ್ನು ಓದಿ ನನಗೆ ವಾಪಸು ಕೊಟ್ಟರು. "ಬರೋಬರ್ ಬರದಾನ್ರೀ," ಎಂದರು.

ಐದನೇ ಕುರ್ಚಿ ಮಾರಾಟಕ್ಕೆ ಹೋಯಿತು. ಪ್ರಯಾಣಿಕರಿಗೆ ಮಾತು ಹೇಳಲು ಮಾತ್ರ ಒಂದು ಧ್ವನಿ ಬೇಕಿತ್ತು. ನಿಮ್ಮದನ್ನೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದು ಅತುಲ್ ಕೇಳಿದರು. ನಾನಾಗಿದ್ದರೆ ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಎನ್ನುತ್ತಿದ್ದೆ. ರವಿಕಾಂತ ಒಪ್ಪಿದರು. "ಧ್ವನಿ ಆದ್ರೂ ಹೋಗಿ ಬರ್ಲಿ," ಎಂದರು. ಸಂಭಾಜಿನಗರದ ಒಂದು ಸ್ಟುಡಿಯೋದಲ್ಲಿ, ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಎಲ್ಲ ಓದಿದರು. ಎಡಗಡೆ ಗೋದಾವರಿ, ಬಲಗಡೆ ಜಾಯಕವಾಡಿ, ಎಲ್ಲರೂ ನೀರು ಕುಡಿದಿರಾ. ಆ ಪ್ರಶ್ನೆಯ ನಂತರ ಉತ್ತರಕ್ಕೆಂದು ಅವರು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ರೆಕಾರ್ಡ್ ಮಾಡುವವನು ಆ ಜಾಗ ಕತ್ತರಿಸಲೇ ಎಂದು ಕೇಳಿದ. ಬೇಡ, ಇರಲಿ ಎಂದರು.

ಈಗ ಪ್ರತಿ ಹಾರಾಟದಲ್ಲೂ ಆ ಧ್ವನಿ ಮೇಲೆ ಹೋಗುತ್ತದೆ. ನೀರು ಕುಡಿದಿರಾ ಎಂದು ಕೇಳಿ ಕಾಯುತ್ತದೆ. ರೆಕಾರ್ಡಿಗೆ ಯಾರು ಉತ್ತರ ಕೊಡುತ್ತಾರೆ? ಆ ಸ್ವಲ್ಪ ಹೊತ್ತು ನನಗೆ ಸಹಿಸಲಾಗುವುದಿಲ್ಲ. ಮೈಕ್ ಬಂದ್ ಮಾಡಿ, "ಕುಡದಾರ್ರೀ," ಎಂದು ನಾನೇ ಅನ್ನುತ್ತೇನೆ. ಕುಡಿದರೋ ಇಲ್ಲವೋ ನನಗೇನು ಗೊತ್ತು? ತಿರುಗಿ ನೋಡುವವರು ಅಲ್ಲಿಲ್ಲ.

ಕಳೆದ ತಿಂಗಳು ರಜೆ ಹಾಕಿ ನಾಸಿಕಕ್ಕೆ ನೆಂಟರ ಮದುವೆಗೆ ಹೋಗಿದ್ದೆ. ಮಾರನೆಯ ಬೆಳಿಗ್ಗೆ ರವಿಕಾಂತರ ಮನೆಗೆ ಹೋದೆ. ಆವತ್ತು ಹಾರಾಟವಿತ್ತು, ನನ್ನ ಬದಲು ಶರ್ವಾಣಿ ಎಂಬ ಹೊಸ ಹುಡುಗಿ ರೇಡಿಯೋದಲ್ಲಿದ್ದಳು. ಅವರು ತಾರಸಿಯ ಮೇಲಿದ್ದರು. ಮೂಡಣದಲ್ಲಿ, ವೈಜಾಪುರದ ದಿಕ್ಕಿಗೆ, ಬೆಳಗಿನ ಆಕಾಶದಲ್ಲಿ ಅಕ್ಕಿ ಕಾಳಿನಷ್ಟು ಬಿಳಿ ಚುಕ್ಕೆ ಕಾಣುತ್ತಿತ್ತು. ಬಲೂನು. ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು.

ಕೆಳಗೆ ಬಂದು ಚಹಾ ಮಾಡಿದರು. ನನ್ನ ಮುಂದೆ ಒಂದು ಕಪ್ಪು, ಅವರ ಮುಂದೆ ಒಂದು ಕಪ್ಪು ಮತ್ತು ತುಂಬಿದ ನೀರಿನ ಲೋಟ. ನಾನು ಕುಡಿದೆ. ಅವರು ಮುಟ್ಟಲಿಲ್ಲ. ಮೇಜಿನ ಮೇಲಿನ ಫೋನು ನೋಡುತ್ತ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು.

"ಯಾಕ್ರೀ, ಉಪವಾಸ ಏನು?" ಎಂದು ಚುಡಾಯಿಸಿದೆ.

ಅವರು ನಕ್ಕರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎತ್ತಿ, ನನಗೂ ಕೇಳಲಿ ಎಂದು ಮೇಜಿನ ಮೇಲಿಟ್ಟರು. ಭಾಲ್ಕಿಯಿಂದ, ರುಕ್ಮಿಣಿಬಾಯಿ.

"ಪೂಜಾ ಆಯ್ತಪ್ಪ. ನೀರ ಕುಡೀತೀನಿ, ಕೇಳು."

ಆ ಕಡೆ ಲೋಟ ಎತ್ತಿದ್ದು, ಗುಟುಕು ಗುಟುಕಾಗಿ ನೀರು ಗಂಟಲಿಗಿಳಿದದ್ದು, ಲೋಟ ನೆಲಕ್ಕಿಟ್ಟದ್ದು ಎಲ್ಲ ಕೇಳಿಸಿತು. ರವಿಕಾಂತ ತಲೆ ಬಗ್ಗಿಸಿ ಕೇಳುತ್ತಿದ್ದರು.

"ಕುಡದೆ. ಇನ್ನ ನೀ ಕುಡಿ," ಎಂದು ಅಜ್ಜಿ ಫೋನಿಟ್ಟರು.

ಆ ಹಾರಾಟದ ಮಾರನೆಯ ದಿನದಿಂದ ಬೆಳಿಗ್ಗೆ ತಪ್ಪದೆ ಹೀಗೇ ನಡೆದಿದೆಯಂತೆ. ಇದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಇಡೀ ದಿನಕ್ಕೆ ಆ ಮನೆಯಲ್ಲಿ ಆಗುವ ಮಾತೂ ಅಷ್ಟೇ. ರವಿಕಾಂತ ಲೋಟ ಎತ್ತಿ ನೀರು ಕುಡಿದು, ಆಮೇಲೆ ಆರಿದ ಚಹಾವನ್ನು ಬಿಸಿ ಮಾಡಲು ಒಳಗೆ ಹೋದರು. ಹೊರಡುವಾಗ ಅವರೂ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು. ನಾನು ಹೊರಗಿನ ಬಾಗಿಲಲ್ಲಿ ನಿಂತು, ಒಳಗಿದ್ದ ಅವರಿಗೆ ಕೇಳುವಂತೆ, "ಗ್ಯಾಸ್?" ಎಂದು ಕೂಗಿದೆ.

ಒಳಗೆ ಹೆಜ್ಜೆಗಳು ಅಡುಗೆಮನೆಯತ್ತ ಹೋದದ್ದು ಕೇಳಿಸಿತು. ಆಮೇಲೆ, "ಬಂದ್ ಅದರಿ," ಎಂದರು.